ಡಬ್ಬಿ ಹುಡುಕುವವರ ಕಷ್ಟದ ಲೆಕ್ಕ

ಜಿಯೋಕ್ಯಾಶಿಂಗ್ ಅಂದರೆ ಒಬ್ಬರು ಬಚ್ಚಿಟ್ಟು ಅಕ್ಷಾಂಶ ರೇಖಾಂಶ ತಿಳಿಸಿದ ಡಬ್ಬಿಯನ್ನು ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕುವ ಆಟ. ಅದರಲ್ಲಿ ಬಚ್ಚಿಟ್ಟ ಪ್ರತಿಯೊಂದು ಡಬ್ಬಿಗೂ ಎರಡು ಅಂಕಿ ಇರುತ್ತವೆ. ಮೊದಲನೆಯದು ಡಿಫಿಕಲ್ಟಿ, ಅಂದರೆ ಹುಡುಕುವ ಕಷ್ಟ. ಎರಡನೆಯದು ಟೆರೇನ್, ಅಂದರೆ ಅಲ್ಲಿಗೆ ಹೋಗಿ ಮುಟ್ಟುವ ಕಷ್ಟ. ಎರಡೂ 1ರಿಂದ ಶುರುವಾಗಿ ಅರ್ಧರ್ಧ ಅಂಕ ಏರುತ್ತಾ 5ಕ್ಕೆ ನಿಲ್ಲುತ್ತವೆ. ಒಂದೊಂದಕ್ಕೆ 9 ಮೆಟ್ಟಿಲು, ಎರಡನ್ನೂ ಜೋಡಿಸಿದರೆ 81 ಬಗೆ. ಒಂಬತ್ತು ಸಾಲು, ಒಂಬತ್ತು ಕಾಲಂನ ಈ ಚೌಕ ಆಟದ ಜಾಲತಾಣದಲ್ಲಿ ಆಟಗಾರರ ಅಂಕಿಅಂಶದ ಪುಟದಲ್ಲಿ ಕಾಣುತ್ತದೆ. ಯಾವ ಮನೆಯಲ್ಲಿ ಎಷ್ಟು ಡಬ್ಬಿ ಸಿಕ್ಕಿವೆ, ಯಾವ ಮನೆ ಇನ್ನೂ ಖಾಲಿ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಜೊತೆಗೆ ಸರಾಸರಿ ಡಿಫಿಕಲ್ಟಿ ಇಷ್ಟು, ಸರಾಸರಿ ಟೆರೇನ್ ಇಷ್ಟು ಎಂಬ ಲೆಕ್ಕವೂ ಇರುತ್ತದೆ.

ಈ ಲೆಕ್ಕವನ್ನು ಇಡಬೇಕೇ, ಇಟ್ಟರೆ ಒಬ್ಬರದನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡಬೇಕೇ ಎಂಬ ಪ್ರಶ್ನೆಗೆ ಆಟದವರಲ್ಲಿ ಎರಡು ಪಂಗಡಗಳಿವೆ. ಲೆಕ್ಕವೇ ಆಟದ ಅರ್ಧ ಸೊಗಸು ಅನ್ನುವವರು ಒಂದು ಕಡೆ. ಬಯಲಿಗೆ ಹೋಗಿ ಬರುವುದಕ್ಕೆ ಲೆಕ್ಕ ಯಾಕೆ ಬೇಕು ಅನ್ನುವವರು ಇನ್ನೊಂದು ಕಡೆ. ನನ್ನ ನಿಲುವು ಇಷ್ಟು: ಲೆಕ್ಕ ಇಡಬೇಕು, ಆದರೆ ತಾಣ ತಾನಾಗಿಯೇ ತೋರಿಸುವ ಲೆಕ್ಕವನ್ನಲ್ಲ. ಹೋಲಿಸಿಯೂ ನೋಡಬೇಕು. ಒಂದೇ ಡಬ್ಬಿಯನ್ನು ಬೇರೆ ಬೇರೆಯವರು ಹೇಗೆ ಕಂಡರು ಎಂಬುದನ್ನು ಹೋಲಿಸಬೇಕೇ ಹೊರತು ಆಟಗಾರರನ್ನು ಸಾಲಾಗಿ ನಿಲ್ಲಿಸಿ ಯಾರು ದೊಡ್ಡವರು ಎಂದು ಅಳೆಯಬಾರದು. ಹಾಗೆ ಅಳೆಯಲು ಹೊರಟ ಕಡೆಯಲ್ಲೆಲ್ಲ ಮೊದಲು ಕೆಟ್ಟಿರುವುದು ಆ ಎರಡು ಅಂಕಿಗಳೇ.

ಅಂಕಿಗಳು ಯಾತಕ್ಕಾಗಿ ಇವೆ ಎಂಬುದನ್ನು ಮೊದಲು ನೋಡೋಣ. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಿಗ್ನಲ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅದರ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟಿನಲ್ಲಿ ಸಾಮಾನು ತುಂಬಿಟ್ಟು, ಜಾಗದ ಅಕ್ಷಾಂಶ ರೇಖಾಂಶವನ್ನು ಯೂಸ್‌ನೆಟ್ ಎಂಬ ಅಂತರ್ಜಾಲದ ಚರ್ಚಾವೇದಿಕೆಯಲ್ಲಿ ಹಾಕಿದರು. ಆ ಮೊದಲ ಡಬ್ಬಿಗೆ ಡಿಫಿಕಲ್ಟಿಯೂ ಇರಲಿಲ್ಲ, ಟೆರೇನೂ ಇರಲಿಲ್ಲ. ಒಂದೇ ಒಂದು ಡಬ್ಬಿ ಇದ್ದಾಗ ಆರಿಸಿಕೊಳ್ಳುವ ಮಾತೇ ಬರುವುದಿಲ್ಲವಲ್ಲ. ಸುತ್ತಮುತ್ತ ನೂರಾರು ಡಬ್ಬಿಗಳಾದಾಗಲೇ ಇವತ್ತು ಯಾವುದಕ್ಕೆ ಹೋಗಲಿ, ಮಗುವನ್ನು ಕರೆದುಕೊಂಡು ಹೋಗಬಹುದೇ, ಕತ್ತಲಾಗುವುದರೊಳಗೆ ವಾಪಸ್ ಬರಬಹುದೇ ಎಂಬ ಪ್ರಶ್ನೆಗಳು ಹುಟ್ಟುವುದು. ಅವುಗಳಿಗೆ ಮನೆಯಲ್ಲಿ ಕೂತೇ ಉತ್ತರ ಸಿಗಲಿ ಎಂದು ಈ ಅಂಕಿಗಳಿವೆ. ಡಬ್ಬಿ ಇಟ್ಟವರು ಇನ್ನೂ ಹೊರಡದೇ ಇರುವವರಿಗೆ ಹೇಳುವ ಮಾತು ಅದು. ಹೋಗಿ ಬಂದವರ ಎದೆಗೆ ಚುಚ್ಚುವ ಪದಕವಲ್ಲ.

ಟೆರೇನ್ 1 ಅಂದರೆ ಗಾಲಿಕುರ್ಚಿಯಲ್ಲಿ ಹೋಗಬಹುದಾದ ಜಾಗ. ದಾರಿ ಸಮತಟ್ಟಾಗಿರಬೇಕು, ಡಬ್ಬಿಯೂ ಕುರ್ಚಿಯಲ್ಲಿ ಕೂತವರ ಕೈಗೆ ಎಟುಕಬೇಕು. ಟೆರೇನ್ 1.5 ಆಯಿತೆಂದರೆ ಆ ಭರವಸೆ ಹೋಯಿತು. ಮೆಟ್ಟಿಲು, ಹುಲ್ಲು, ಒಂದಿಷ್ಟು ಏರು ಇರಬಹುದು. ಕಾಲಿನಲ್ಲಿ ನಡೆಯುವವರಿಗೆ 1ಕ್ಕೂ 1.5ಕ್ಕೂ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಗಾಲಿಕುರ್ಚಿಯವರಿಗೆ ಮಾತ್ರ ಹೋಗಬಹುದೋ ಹೋಗಲಾರೆವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಇನ್ನೊಂದು ತುದಿಯಲ್ಲಿ ಟೆರೇನ್ 5 ಅಂದರೆ ವಿಶೇಷ ಸಲಕರಣೆ ಇಲ್ಲದೆ ಆಗದ ಜಾಗ. ದೋಣಿ, ಹಗ್ಗ ಮತ್ತು ಹಾರ್ನೆಸ್, ನೀರೊಳಗೆ ಮುಳುಗುವ ಸಾಮಗ್ರಿ, ಹೀಗೆ ಏನೋ ಒಂದು ಬೇಕೇ ಬೇಕು. ಈ ಎರಡು ತುದಿಗಳಲ್ಲಿ ಅಂಕಿ ತಪ್ಪಾದರೆ ಅದು ಬರೀ ಲೆಕ್ಕದ ತಪ್ಪಾಗಿ ಉಳಿಯುವುದಿಲ್ಲ.

ಡಿಫಿಕಲ್ಟಿಯ ಅಳತೆ ಹೆಚ್ಚುಕಡಿಮೆ ಸಮಯದ್ದು. 1 ಅಂದರೆ ಕೆಲವೇ ನಿಮಿಷಗಳಲ್ಲಿ ಕೈಗೆ ಸಿಗುವುದು. 2 ಅಂದರೆ ಅರ್ಧ ಗಂಟೆಯೊಳಗೆ. 3ಕ್ಕೆ ಬಂದರೆ ಪಳಗಿದವರಿಗೂ ಒಂದು ಮಧ್ಯಾಹ್ನದ ಬಹುಪಾಲು ಹಿಡಿಯಬಹುದು. 4ಕ್ಕೆ ಒಂದು ದಿನ ಸಾಲದೆ ಹೋಗಬಹುದು, ಮೊದಲೇ ಒಂದಿಷ್ಟು ತಯಾರಿಯೂ ಬೇಕಾಗಬಹುದು. 5ಕ್ಕೆ ವಿಶೇಷ ಜ್ಞಾನವೋ ಕೈಚಳಕವೋ ಉಪಕರಣವೋ ಬೇಕು. ಗಮನಿಸಿ, ಈ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. 1ರಿಂದ 2ಕ್ಕೆ ಏರುವುದು ಕೆಲವು ನಿಮಿಷಗಳ ಮಾತು, 3ರಿಂದ 4ಕ್ಕೆ ಏರುವುದು ದಿನಗಳ ಮಾತು.

ಮೆಟ್ಟಿಲು ಸಮ ಇಲ್ಲದ ಏಣಿಯಲ್ಲಿ ಸರಾಸರಿ ತೆಗೆದರೆ ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ. ಒಬ್ಬರಿಗೆ ಡಿ1 (ಅಂದರೆ ಡಿಫಿಕಲ್ಟಿ 1) ಒಂದು, ಡಿ5 ಒಂದು ಸಿಕ್ಕಿದೆ. ಇನ್ನೊಬ್ಬರಿಗೆ ಎರಡೂ ಡಿ3. ಇಬ್ಬರ ಸರಾಸರಿಯೂ 3. ಒಬ್ಬರು ಐದು ನಿಮಿಷ ಹುಡುಕಿ, ಆಮೇಲೆ ಒಂದು ಸಂಕೇತಲಿಪಿಯ ಮುಂದೆ ವಾರಗಟ್ಟಲೆ ಕೂತವರು. ಇನ್ನೊಬ್ಬರು ಎರಡು ಮಧ್ಯಾಹ್ನ ಕಾಡಿನಲ್ಲಿ ಕಳೆದವರು. ಇಬ್ಬರೂ ಸಮ ಎಂದು ಹೇಳುವುದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಸರಾಸರಿ ಇನ್ನೊಂದು ಕೆಟ್ಟ ಅಭ್ಯಾಸವನ್ನೂ ಕಲಿಸುತ್ತದೆ. 100 ಡಬ್ಬಿ ಸಿಕ್ಕಿ ಸರಾಸರಿ 2.5 ಇದೆ ಎಂದುಕೊಳ್ಳಿ. ಒಂದು ಸಂಜೆ ಮನೆಯವರ ಜೊತೆ ನಡೆಯುತ್ತಾ 20 ಸುಲಭದ ಡಿ1 ಡಬ್ಬಿಗಳನ್ನು ತೆಗೆದರೆ ಮೊತ್ತ 250 ಇದ್ದದ್ದು 270 ಆಗುತ್ತದೆ, ಡಬ್ಬಿಗಳು 120 ಆಗುತ್ತವೆ, ಸರಾಸರಿ 2.25ಕ್ಕೆ ಇಳಿಯುತ್ತದೆ. ಒಳ್ಳೆಯ ಸಂಜೆ ಕಳೆದದ್ದಕ್ಕೆ ಲೆಕ್ಕ ದಂಡ ಹಾಕಿತು. ಸರಾಸರಿಯ ಮೇಲೆ ಕಣ್ಣಿಟ್ಟವರು ಮೆಲ್ಲಗೆ ಸುಲಭದ ಡಬ್ಬಿಗಳನ್ನು ಬಿಟ್ಟು ಹೋಗಲು ಶುರುಮಾಡುತ್ತಾರೆ. ಇಟ್ಟವರು ಚೆಂದದ ಜಾಗ ತೋರಿಸಲೆಂದೇ ಇಟ್ಟ ಡಿ1 ಡಬ್ಬಿಗಳು ಅವರ ಪಾಲಿಗೆ ಇಲ್ಲದಂತಾಗುತ್ತವೆ.

ಡಿಫಿಕಲ್ಟಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕಷ್ಟಗಳು ಕೂತಿವೆ ಎಂಬುದನ್ನೂ ಮರೆಯಬಾರದು. ಸಾಮಾನ್ಯ ಡಬ್ಬಿಯಲ್ಲಿ ಡಿ4 ಅಂದರೆ ಅದು ಕಣ್ಣೆದುರಿಗೇ ಇದ್ದೂ ಕಾಣುವುದಿಲ್ಲ. ಒಳಗೆ ಟೊಳ್ಳು ಮಾಡಿದ ಬೋಲ್ಟು, ತೊಗಟೆ ಅಂಟಿಸಿದ ಕೊಳವೆ, ನಿಜವಾದ ಪೆಟ್ಟಿಗೆಗಳ ಸಾಲಿನಲ್ಲಿ ಒಂದು ಸುಳ್ಳು ಪೆಟ್ಟಿಗೆ. ಒಗಟಿನ ಡಬ್ಬಿಯಲ್ಲಿ, ಅಂದರೆ ಮಿಸ್ಟರಿಯಲ್ಲಿ, ಅದೇ ಡಿ4 ಪೂರ್ತಿ ಮೇಜಿನ ಮುಂದಿನ ಕಷ್ಟ ಆಗಿರಬಹುದು. ಒಗಟು ಬಿಡಿಸಿ ಹೋದರೆ ಡಬ್ಬಿ ಮರದ ಬುಡದಲ್ಲಿ ಎದುರಿಗೇ ಕೂತಿರುತ್ತದೆ. ಹಲವು ಹಂತಗಳ ಮಲ್ಟಿಯಲ್ಲಿ ಕಷ್ಟ ಹಂತಹಂತಕ್ಕೂ ಹರಡಿರುತ್ತದೆ, ಒಂದು ಹಂತದಲ್ಲಿ ಎಣಿಕೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ಹಾಗಾಗಿ ಲೆಕ್ಕ ಇಡುವವರು ಮಾಡಬೇಕಾದ ಮೊದಲ ಕೆಲಸ ಬಗೆಗಳನ್ನು ಬೇರ್ಪಡಿಸುವುದು. ಬೇರ್ಪಡಿಸದ ಡಿಫಿಕಲ್ಟಿ ಲೆಕ್ಕವನ್ನು ನಂಬಬೇಡಿ.

ಇನ್ನು ತಾಣದ ಲೆಕ್ಕದಲ್ಲಿರುವ ಅತಿ ದೊಡ್ಡ ತೂತು. ಅದು ಸಿಕ್ಕ ಡಬ್ಬಿಗಳನ್ನು ಮಾತ್ರ ಎಣಿಸುತ್ತದೆ. ಸಿಗದೇ ಹೋದದ್ದಕ್ಕೆ ಹಾಕುವ ಡಿಎನ್‌ಎಫ್ (ಡಿಡ್ ನಾಟ್ ಫೈಂಡ್) ಲಾಗ್, ಅಂದರೆ ದಾಖಲೆ, ಡಬ್ಬಿಯ ಪುಟದಲ್ಲಿ ಉಳಿಯುತ್ತದೆ, ನಿಮ್ಮ 81 ಮನೆಗಳ ಚೌಕದಲ್ಲಿ ಅದರ ಗುರುತೂ ಇರುವುದಿಲ್ಲ. ಹತ್ತು ಡಿ4 ಡಬ್ಬಿಗಳಿಗೆ ಹೋಗಿ ಹತ್ತೂ ಸಿಕ್ಕವರಿಗೂ, ನಲವತ್ತಕ್ಕೆ ಹೋಗಿ ಹತ್ತು ಸಿಕ್ಕವರಿಗೂ ಚೌಕದಲ್ಲಿ ಬರುವ ಅಂಕಿ ಹತ್ತೇ. ಕಷ್ಟದ ಲೆಕ್ಕ ಬೇಕು ಅಂದರೆ ಸೋತದ್ದನ್ನು ಬಿಟ್ಟು ಗೆದ್ದದ್ದನ್ನು ಮಾತ್ರ ಎಣಿಸಿ ಅದು ಸಿಗುವುದಿಲ್ಲ.

ಡಿಎನ್‌ಎಫ್ ಹಾಕಲು ಹಿಂಜರಿಯುವವರು ಬಹಳ. ತಮ್ಮ ಸೋಲನ್ನು ಊರಿಗೆ ಸಾರಿದಂತೆ ಎಂಬ ಭಾವನೆ. ಆದರೆ ಆ ಲಾಗ್ ಇಟ್ಟವರಿಗೆ ಬೇಕೇ ಬೇಕಾದ ಸುದ್ದಿ. ಸಾಲಾಗಿ ಮೂರು ನಾಲ್ಕು ಡಿಎನ್‌ಎಫ್ ಬಂದರೆ ಹೋಗಿ ನೋಡಬೇಕು ಎಂದು ಅವರಿಗೆ ಗೊತ್ತಾಗುತ್ತದೆ. ಡಬ್ಬಿ ಚೆನ್ನಾಗಿದೆಯೋ ಇಲ್ಲವೋ ಎಂದು ತಾಣ ಒಳಗೊಳಗೇ ಹಾಕುವ ಹೆಲ್ತ್ ಸ್ಕೋರ್ ಕೂಡ ಡಿಎನ್‌ಎಫ್‌ಗಳನ್ನು ಡಬ್ಬಿಯ ಡಿ/ಟಿ (ಡಿಫಿಕಲ್ಟಿ, ಟೆರೇನ್) ಜೊತೆಗೆ ಇಟ್ಟೇ ನೋಡುತ್ತದೆ. ಡಿ1.5 ಡಬ್ಬಿಗೆ ಸಾಲು ಡಿಎನ್‌ಎಫ್ ಬಂದರೆ ಡಬ್ಬಿಯೇ ಹೋಗಿರಬಹುದು. ಡಿ4.5ಕ್ಕೆ ಬಂದರೆ ಅದು ಸಹಜ. ಅಂದರೆ ಅಂಕಿ ಸುಳ್ಳಾದರೆ ಈ ಲೆಕ್ಕವೂ ದಾರಿ ತಪ್ಪುತ್ತದೆ.

ಹಾಗಾದರೆ ಇಡಬೇಕಾದ ಲೆಕ್ಕ ಯಾವುದು? ಫೋನಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಶೀಟ್ ಸಾಕು. ಒಂದು ಪ್ರಯತ್ನಕ್ಕೆ ಒಂದು ಸಾಲು. ಡಬ್ಬಿಗೆ ಒಂದು ಸಾಲಲ್ಲ, ಪ್ರಯತ್ನಕ್ಕೆ. ಒಂದೇ ಡಬ್ಬಿಗೆ ಮೂರು ಸಲ ಹೋದರೆ ಮೂರು ಸಾಲು. ಕಾಲಂಗಳು ಹೀಗೆ: ದಿನಾಂಕ, ಜಿಸಿ ಕೋಡ್ (ಡಬ್ಬಿಯ ಗುರುತಿನ ಕೋಡ್), ಬಗೆ, ಡಬ್ಬಿಯ ಗಾತ್ರ, ಪುಟದಲ್ಲಿರುವ ಡಿ ಮತ್ತು ಟಿ, ಇಟ್ಟವರ ಹೆಸರು, ಎಷ್ಟು ಜನ ಹುಡುಕಿದಿರಿ, ಹುಡುಕಿದ ನಿಮಿಷ, ಸುಳಿವು ಓದಿದ್ದು ಎಷ್ಟನೇ ನಿಮಿಷಕ್ಕೆ, ಸಿಕ್ಕಿತೋ ಇಲ್ಲವೋ, ಬಿಟ್ಟುಬಂದಿದ್ದರೆ ಯಾಕೆ, ಕೊನೆಗೆ ನಿಮ್ಮ ಪ್ರಕಾರ ಡಿ ಎಷ್ಟು, ಟಿ ಎಷ್ಟು. ಹನ್ನೆರಡು ಹದಿಮೂರು ಕಾಲಂ ಎಂದು ಹೆದರಬೇಡಿ, ಅರ್ಧದಷ್ಟನ್ನು ಪುಟದಿಂದ ನೋಡಿ ತುಂಬಿದರಾಯಿತು. ಅಲ್ಲೇ ನಿಂತು ಬರೆದುಕೊಳ್ಳಬೇಕಾದದ್ದು ನಿಮಿಷ ಮತ್ತು ಸುಳಿವಿನ ಹೊತ್ತು ಮಾತ್ರ. ನಿಮ್ಮ ಡಿ ಮತ್ತು ಟಿ ಅಂಕಿಯನ್ನು ಅದೇ ದಿನ ರಾತ್ರಿಯೊಳಗೆ, ಬೇರೆಯವರ ಲಾಗ್ ಓದುವ ಮೊದಲು ಬರೆದುಬಿಡಿ. ಓದಿದ ಮೇಲೆ ಬರೆದರೆ ಅದು ನಿಮ್ಮ ಅಂದಾಜಾಗಿ ಉಳಿಯುವುದಿಲ್ಲ.

ನಿಮಿಷ ಎಲ್ಲಿಂದ ಎಣಿಸಬೇಕು ಎಂಬುದರಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ. ಗಾಡಿ ನಿಲ್ಲಿಸಿದ ಜಾಗದಿಂದ ಎಣಿಸಿದರೆ ಟೆರೇನಿನ ಕಷ್ಟ ಡಿಫಿಕಲ್ಟಿಗೆ ಬೆರೆತುಹೋಗುತ್ತದೆ. ಫೋನ್ ತೋರಿಸುವ ದೂರ 10 ಮೀಟರಿಗಿಂತ ಕಡಿಮೆ ಆದಾಗ ಗಡಿಯಾರ ಶುರು, ಡಬ್ಬಿ ಕೈಗೆ ಬಂದಾಗ ನಿಲ್ಲಿಸಿ. ಡಬ್ಬಿಯ ಮುಚ್ಚಳ ತೆಗೆಯುವುದೇ ಒಂದು ಒಗಟಾಗಿದ್ದರೆ ಒಳಗಿನ ಹಾಳೆಗೆ ಹೆಸರು ಬರೆಯುವವರೆಗೂ ಎಣಿಸಿ, ಯಾಕೆಂದರೆ ಆ ಡಿಫಿಕಲ್ಟಿ ಇರುವುದೇ ಅಲ್ಲಿ.

10 ಮೀಟರ್ ಯಾಕೆ ಅಂದರೆ, ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ ಎಂದಿಟ್ಟುಕೊಂಡರೆ, ಇಟ್ಟವರ ಫೋನಿಗೂ ಅಷ್ಟೇ ತಪ್ಪು ಇದ್ದಿರುತ್ತದೆ. ಎರಡು ತಪ್ಪುಗಳು ಸೇರಿದಾಗ ನೇರ ಕೂಡಿ 10 ಆಗುವುದಿಲ್ಲ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 7 ಮೀಟರ್ ಬರುತ್ತದೆ. ಅದರ ಮೇಲೆ ಒಂದಿಷ್ಟು ಬಿಟ್ಟುಕೊಟ್ಟು 10. 5 ಮೀಟರ್ ತ್ರಿಜ್ಯದ ವೃತ್ತ ಸುಮಾರು 79 ಚದರ ಮೀಟರ್, 7 ಮೀಟರಿನದು 154. ಹುಡುಕುವ ಜಾಗ ಹೆಚ್ಚುಕಡಿಮೆ ಎರಡರಷ್ಟಾಯಿತು. ದಟ್ಟ ಮರಗಳ ಕೆಳಗೆ, ಕಡಿದಾದ ಬಂಡೆಯ ಪಕ್ಕ, ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಪುಟಿದು ಬರುವುದರಿಂದ ಇನ್ನೂ ಹಿಗ್ಗುತ್ತದೆ. ಡಿ2 ಎಂದು ಬರೆದ ಎಷ್ಟೋ ಡಬ್ಬಿಗಳು ಡಿ3.5 ಆಗಿ ಕಾಡುವುದಕ್ಕೆ ಬಚ್ಚಿಟ್ಟ ಜಾಣತನ ಕಾರಣವಲ್ಲ, ಅಕ್ಷಾಂಶ ರೇಖಾಂಶ ಸರಿಯಾಗಿ ತೆಗೆಯದಿರುವುದು ಕಾರಣ. ಇಟ್ಟವರು ಬೇರೆ ಬೇರೆ ದಿಕ್ಕಿನಿಂದ ನಡೆದು ಬಂದು, ನಾಲ್ಕೈದು ಸಲ ಅಳೆದು, ಸಾಧ್ಯವಾದರೆ ಇನ್ನೊಂದು ದಿನವೂ ಅಳೆದು ಸರಾಸರಿ ತೆಗೆದಿದ್ದರೆ ಈ ಕಷ್ಟ ಅರ್ಧ ತಪ್ಪುತ್ತಿತ್ತು. ಇಲ್ಲಿ ಸರಾಸರಿ ತೆಗೆಯುವುದು ಸರಿ, ಮೀಟರುಗಳ ಮೆಟ್ಟಿಲು ಸಮ ಇರುತ್ತದೆ.

ಒಂದು ಡಬ್ಬಿಯನ್ನು ಹತ್ತಿರದಿಂದ ನೋಡೋಣ. ದಾರಿ ಬದಿಯ ಕಬ್ಬಿಣದ ಕಂಬಿಸಾಲಿಗೆ ಅಂಟಿಕೊಂಡ ನ್ಯಾನೊ. ಬೆರಳ ತುದಿಯಷ್ಟು ದಪ್ಪ, ತಳದಲ್ಲಿ ಅಯಸ್ಕಾಂತ, ಒಳಗೆ ಬಿಗಿಯಾಗಿ ಸುತ್ತಿದ ಕಾಗದದ ಪಟ್ಟಿ. ಪುಟದಲ್ಲಿ ಡಿ2. ಕಂಬಿಸಾಲು 14 ಮೀಟರ್ ಉದ್ದ ಇದ್ದರೆ, ಎರಡು ಮೀಟರಿಗೊಂದು ಕಂಬದ ಲೆಕ್ಕದಲ್ಲಿ ಎಂಟು ಕಂಬಗಳು. ಪ್ರತಿ ಕಂಬಕ್ಕೂ ತಲೆ, ತಳ, ಕಂಬಿ ಸೇರುವ ಎರಡು ಮೂಲೆ, ಬೋಲ್ಟುಗಳ ಹಿಂಬದಿ. ಬರಿಗಣ್ಣಿಗೆ ಕಾಣುವುದು ಇದರಲ್ಲಿ ಅರ್ಧಕ್ಕಿಂತ ಕಡಿಮೆ, ಉಳಿದದ್ದಕ್ಕೆ ಬೆರಳು ಆಡಿಸಬೇಕು. ಒಂದು ತುದಿಯಿಂದ ಹಿಡಿದು ಕಂಬಕ್ಕೆ ಒಂದು ನಿಮಿಷದಂತೆ ಕ್ರಮವಾಗಿ ಹೋದವರಿಗೆ ಹತ್ತು ನಿಮಿಷದೊಳಗೆ ಸಿಗುತ್ತದೆ. ಫೋನಿನ ಬಾಣ ತೋರಿಸಿದ ಕಂಬದಲ್ಲೇ ಸುತ್ತುತ್ತಾ ನಿಂತವರಿಗೆ ನಲವತ್ತು ನಿಮಿಷ ಆದರೂ ಸಿಗುವುದಿಲ್ಲ. ದಾರಿಯಲ್ಲಿ ಜನ ಓಡಾಡುತ್ತಿದ್ದರೆ, ಆಟದ ಭಾಷೆಯಲ್ಲಿ ಮಗಲ್‌ಗಳು, ಪ್ರತಿ ಸಲ ಕೈ ಹಿಂದೆ ತೆಗೆದು ಸುಮ್ಮನೆ ನಿಲ್ಲಬೇಕು. ಅದೇ ಡಬ್ಬಿ ಮುಂಜಾನೆ ಡಿ2, ಸಂಜೆ ಡಿ3. ಬಿಟ್ಟುಬಂದ ಕಾರಣದ ಕಾಲಂ ಇರುವುದು ಇದಕ್ಕೇ. ‘ಜನ ಇದ್ದರು, ಎಂಟು ನಿಮಿಷಕ್ಕೆ ಹೊರಟೆ’ ಎಂಬುದೂ ‘ಪೂರ್ತಿ ಹುಡುಕಿದೆ, ಇಲ್ಲ’ ಎಂಬುದೂ ಒಂದೇ ಸೋಲಲ್ಲ.

ಮೂವತ್ತು ನಲವತ್ತು ಸಾಲು ತುಂಬುವವರೆಗೆ ಶೀಟನ್ನು ಏನೂ ಕೇಳಬೇಡಿ. ಅದಕ್ಕಿಂತ ಕಡಿಮೆಯಲ್ಲಿ ಬರುವ ಉತ್ತರ ಗಾಳಿ ಬಂದ ಕಡೆ ತೂರಿಕೊಳ್ಳುತ್ತದೆ. ಆಮೇಲೆ ಸರಾಸರಿ ಬಿಟ್ಟು ಮಧ್ಯಾಂಕ ನೋಡಿ, ಅಂದರೆ ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ. ಡಿ3.5ರ ಒಂಬತ್ತು ಪ್ರಯತ್ನಗಳು ಹೀಗಿವೆ ಅನ್ನಿ: ಸಿಕ್ಕಿದ್ದು 8, 14, 25, 31, 48 ನಿಮಿಷಕ್ಕೆ. ಸಿಗದೇ ಬಿಟ್ಟದ್ದು 60, 60, 75, 90 ನಿಮಿಷ ಹುಡುಕಿದ ಮೇಲೆ. ಸಿಕ್ಕಿದ್ದನ್ನು ಮಾತ್ರ ನೋಡಿದರೆ ಮಧ್ಯಾಂಕ 25 ನಿಮಿಷ. ಸಿಗದೇ ಹೋದದ್ದು ‘60ಕ್ಕಿಂತ ಹೆಚ್ಚು’, ‘75ಕ್ಕಿಂತ ಹೆಚ್ಚು’ ಎಂದೇ ಸಾಲಿನ ಕೊನೆಗೆ ಸೇರಿಸಿದರೆ ಮಧ್ಯಾಂಕ 48. ನಾಳೆ ಒಂದು ಡಿ3.5ಕ್ಕೆ ಹೊರಟವರು 25 ನಿಮಿಷ ನಂಬಿ ಹೋದರೆ ಕತ್ತಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸರಾಸರಿಗೆ ‘60ಕ್ಕಿಂತ ಹೆಚ್ಚು’ ಎಂಬುದನ್ನು ಏನು ಮಾಡಬೇಕೆಂದೇ ತಿಳಿಯುವುದಿಲ್ಲ, ಮಧ್ಯಾಂಕಕ್ಕೆ ತಿಳಿಯುತ್ತದೆ. ಮಳೆ ಬಂತು, ಜನ ಇದ್ದರು ಎಂದು ಬೇಗ ಬಿಟ್ಟ ಸಾಲುಗಳನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಿ.

ಗುಂಪಿನ ಸಾಲುಗಳನ್ನು ಒಂಟಿ ಸಾಲುಗಳ ಜೊತೆ ಬೆರೆಸಬೇಡಿ. ಮೂವರು 20 ನಿಮಿಷ ಹುಡುಕಿದರೆ ಒಬ್ಬರು 60 ನಿಮಿಷ ಹುಡುಕಿದ್ದಕ್ಕೆ ಸಮ ಅಲ್ಲ. ಮೂವರೂ ಮೊದಲು ನೋಡುವುದು ಅದೇ ಎರಡು ಕಲ್ಲುಗಳ ಸಂದಿಯನ್ನೇ. ಇಟ್ಟವರ ಹೆಸರಿನ ಕಾಲಂ ಇನ್ನೊಂದು ಮೋಸವನ್ನು ಹಿಡಿದುಕೊಡುತ್ತದೆ. ಆರು ತಿಂಗಳಲ್ಲಿ ಡಿ3ರ ಮಧ್ಯಾಂಕ ಇಳಿದಿದೆ ಎಂದು ಖುಷಿಪಡುವ ಮೊದಲು, ಆ ಸಾಲುಗಳಲ್ಲಿ ಅರ್ಧ ಒಬ್ಬರೇ ಇಟ್ಟ ಡಬ್ಬಿಗಳಾ ನೋಡಿ. ಹಾಗಿದ್ದರೆ ನೀವು ಕಲಿತದ್ದು ಅವರೊಬ್ಬರ ಕೈಚಳಕವನ್ನು. ಅದೂ ಕಲಿಕೆಯೇ, ಆದರೆ ಬೇರೆ ಊರಿಗೆ ಹೋದರೆ ಕೆಲಸಕ್ಕೆ ಬಾರದು.

ಸಿಕ್ಕ ಪ್ರಮಾಣವನ್ನೂ ಸರಿಯಾಗಿ ಎಣಿಸಬೇಕು. ಡಿ3ಕ್ಕೆ 40 ಪ್ರಯತ್ನ, 26 ಸಿಕ್ಕಿವೆ, 14 ಇಲ್ಲ. ನೇರ ಭಾಗಿಸಿದರೆ 65%. ಆದರೆ ಆ 14ರಲ್ಲಿ 4 ಡಬ್ಬಿಗಳು ಆಗ ಅಲ್ಲಿ ಇರಲೇ ಇಲ್ಲ ಎಂದು ಇಟ್ಟವರು ಆಮೇಲೆ ಹೋಗಿ ನೋಡಿ ಬರೆದಿದ್ದಾರೆ. ಇಲ್ಲದ ಡಬ್ಬಿಯನ್ನು ಹುಡುಕಲಾಗದ್ದು ನಿಮ್ಮ ಸೋಲಲ್ಲ. 36ರಲ್ಲಿ 26, ಸುಮಾರು 72%. ಇದಕ್ಕಾಗಿ ಡಿಎನ್‌ಎಫ್ ಹಾಕಿದ ಡಬ್ಬಿಗಳನ್ನು ವಾಚ್‌ಲಿಸ್ಟಿಗೆ ಸೇರಿಸಿ. ಮುಂದೆ ಬೇರೆಯವರಿಗೆ ಸಿಕ್ಕಿತೋ, ಡಬ್ಬಿ ಹೋಗಿತ್ತೋ ಎಂಬ ಸುದ್ದಿ ತಾನಾಗಿ ಬರುತ್ತದೆ.

ಈ ಲೆಕ್ಕದ ನಿಜವಾದ ಉಪಯೋಗ ಬಯಲಲ್ಲಿ ನಿಂತಾಗ ಗೊತ್ತಾಗುತ್ತದೆ. ನಿಮಗೆ ಸಿಗುವ ಡಿ2 ಡಬ್ಬಿಗಳಲ್ಲಿ ಹತ್ತಕ್ಕೆ ಒಂಬತ್ತು 25 ನಿಮಿಷದೊಳಗೆ ಸಿಕ್ಕಿವೆ ಎಂದು ಶೀಟ್ ಹೇಳುತ್ತಿದ್ದರೆ, 35 ನಿಮಿಷ ಆದ ಮೇಲೆ ಅಲ್ಲಿ ಕಲ್ಲು ಎತ್ತಿಹಾಕುತ್ತಾ ಕೂರುವುದಕ್ಕೆ ಅರ್ಥವಿಲ್ಲ. ಡಿಎನ್‌ಎಫ್ ಬರೆದು ಹೊರಡಿ. ಹುಡುಕಾಟ ಉದ್ದವಾದಷ್ಟೂ ಜಾಗ ಹಾಳಾಗುತ್ತದೆ. ಪಾಚಿ ಕಿತ್ತುಬರುತ್ತದೆ, ಗಿಡಗಳು ತುಳಿತಕ್ಕೆ ಸಿಗುತ್ತವೆ, ಕಲ್ಲಿನ ಗೋಡೆಯ ಒಂದು ಕಲ್ಲು ಸಡಿಲವಾಗುತ್ತದೆ. ಇಂಥ ಜಾಗದಲ್ಲಿ ಇನ್ನು ಐದು ನಿಮಿಷ, ಇನ್ನು ಐದು ನಿಮಿಷ ಎನ್ನುವ ಹಟಕ್ಕೆ ಕಡಿವಾಣ ಹಾಕುವುದು ನಿಮ್ಮದೇ ಹಳೆಯ ಸಾಲುಗಳು. ಇದೊಂದಕ್ಕಾದರೂ ಲೆಕ್ಕ ಇಡಿ ಎಂದು ಒತ್ತಿ ಹೇಳುತ್ತೇನೆ.

ಇನ್ನು ಹೋಲಿಕೆ. ಇಬ್ಬರು ಆಟಗಾರರ 81 ಮನೆಗಳ ಚೌಕವನ್ನು ಪಕ್ಕಪಕ್ಕ ಇಟ್ಟರೆ ಕಾಣುವುದು ಅವರವರ ಸಾಮರ್ಥ್ಯವಲ್ಲ, ಅವರವರು ಇರುವ ಜಾಗ. ಕೆರೆ ಹೊಳೆ ಇರುವ ಕಡೆ ದೋಣಿಯಲ್ಲಿ ಹೋಗಿ ತೆಗೆಯುವ ಡಿ1/ಟಿ5 ಡಬ್ಬಿಗಳು ಬೇಕಾದಷ್ಟು. ಬಟ್ಟ ಬಯಲಿನಲ್ಲಿ ಇರುವವರಿಗೆ ಆ ಮನೆ ವರ್ಷಗಟ್ಟಲೆ ಖಾಲಿ. ಒಗಟು ಕಟ್ಟುವವರು ಹತ್ತಿರದಲ್ಲಿ ನಾಲ್ಕು ಜನ ಇದ್ದರೆ ಡಿ5/ಟಿ1.5 ತುಂಬುತ್ತದೆ, ಇಲ್ಲದಿದ್ದರೆ ಇಲ್ಲ. ಮೇಲಾಗಿ ಒಗಟಿನ ಉತ್ತರ ಗೆಳೆಯರಿಂದ ಪಡೆದು ಹೋದವರಿಗೂ, ತಿಂಗಳು ಕೂತು ಬಿಡಿಸಿದವರಿಗೂ ಒಂದೇ ಡಿ5. ಮರ ಹತ್ತಿದವರಿಗೂ, ಕೆಳಗೆ ನಿಂತು ಹಗ್ಗ ಹಿಡಿದವರಿಗೂ ಒಂದೇ ಟಿ5. ಡಬ್ಬಿಗಳ ನಡುವೆ ಇರಬೇಕಾದ ಕನಿಷ್ಠ ದೂರ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗ. ಅಮೆರಿಕದ ನೆವಾಡಾದ ಇಟಿ ಹೈವೇಯಂಥ ಪವರ್ ಟ್ರೈಲ್‌ಗಳಲ್ಲಿ ರಸ್ತೆಯುದ್ದಕ್ಕೂ ಅಷ್ಟಷ್ಟು ದೂರಕ್ಕೆ ಒಂದೊಂದು ಡಬ್ಬಿ. ಅಲ್ಲಿ ಒಂದು ದಿನ ಕಳೆದು ಬಂದವರ ಅಂಕಿಗಳನ್ನು ಬೆಟ್ಟದಲ್ಲಿ ಒಂದು ದಿನ ಕಳೆದು ಒಂದು ಡಬ್ಬಿ ತಂದವರ ಅಂಕಿಗಳ ಜೊತೆ ಇಟ್ಟು ಏನು ಹೇಳಲು ಸಾಧ್ಯ?

ಇಷ್ಟಾಗಿದ್ದರೆ ಹೋಲಿಕೆ ವ್ಯರ್ಥ ಎಂದು ಬಿಡಬಹುದಿತ್ತು. ಅದು ಹಾನಿಯನ್ನೂ ಮಾಡುತ್ತದೆ. 81 ಮನೆಗಳನ್ನೂ ತುಂಬಿದವರು ಮಾತ್ರ ದಾಖಲಿಸಬಹುದಾದ ಚಾಲೆಂಜ್ ಡಬ್ಬಿಗಳಿವೆ. ಈ ಚೌಕಕ್ಕೆ ಫಿಜ್ಜಿ ಗ್ರಿಡ್ ಎಂಬ ಹೆಸರು ಬಂದದ್ದೇ ಅಂಥದ್ದೊಂದು ಚಾಲೆಂಜಿನಿಂದ. 2015ರಲ್ಲಿ ಹೊಸ ಚಾಲೆಂಜ್‌ಗಳನ್ನು ಒಂದು ವರ್ಷ ನಿಲ್ಲಿಸಿ, 2016ರಲ್ಲಿ ಮತ್ತೆ ಬಿಟ್ಟಾಗ, ಪ್ರಾಜೆಕ್ಟ್-ಜಿಸಿ ಎಂಬ ಇನ್ನೊಂದು ತಾಣದ ಚೆಕರ್‌ನಲ್ಲಿ ಅರ್ಹತೆ ಪರೀಕ್ಷಿಸುವಂತಿರಬೇಕು ಎಂಬ ನಿಯಮ ಬಂತು. ಅದರಿಂದ ಜಗಳ ಕಡಿಮೆಯಾಯಿತು. ಆದರೆ ಅಪರೂಪದ ಮನೆಗಳಿಗೆ ಬೇಡಿಕೆ ಇದ್ದೇ ಇದೆ. ಬೇಡಿಕೆ ಇದ್ದಲ್ಲಿ ಪೂರೈಸುವವರು ಹುಟ್ಟುತ್ತಾರೆ. 81 ಡಬ್ಬಿಗಳನ್ನು ಒಂದೇ ಹಾದಿಯಲ್ಲಿ ಇಟ್ಟು, ಒಂದೊಂದಕ್ಕೆ ಒಂದೊಂದು ಡಿ/ಟಿ ಹಂಚಿಬಿಡುವ ಮ್ಯಾಟ್ರಿಕ್ಸ್ ಸರಣಿಗಳು ಹೀಗೆ ಬಂದವು. ಶ್ರದ್ಧೆಯಿಂದ, ಪ್ರತಿ ಅಂಕಿಗೂ ತಕ್ಕಂತೆ ಮಾಡಿದವೂ ಇವೆ. ಆದರೆ ಬೇಲಿಯ ಕಂಬಕ್ಕೆ ಕಟ್ಟಿದ ಡಬ್ಬಿಗೆ 4.5/4 ಎಂದು ಬರೆದರೆ ಆ ಅಂಕಿ ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ಟೆರೇನ್ 1ರ ಮನೆ ತುಂಬಲಿ ಎಂದು ಹಾಕಿದ ಸುಳ್ಳು 1ರ ಮುಂದೆ ಗಾಲಿಕುರ್ಚಿಯವರೊಬ್ಬರು ಬಂದು, ಜಲ್ಲಿಕಲ್ಲಿನ ಆಚೆ ನಾಲ್ಕು ಮೀಟರ್ ದೂರದಲ್ಲಿ ಡಬ್ಬಿ ಇರುವುದನ್ನು ನೋಡಿ ವಾಪಸ್ ಹೋಗಬೇಕಾಗುತ್ತದೆ. ಇನ್ನೊಂದು ತುದಿಯಲ್ಲಿ, ಸುಳ್ಳು 5ಗಳನ್ನು ನೋಡಿ ನೋಡಿ ಟಿ5 ಅಂದರೆ ಇಷ್ಟೇ ಎಂದುಕೊಂಡವರು, ನಿಜವಾದ ಟಿ5 ಮರದ ಬುಡಕ್ಕೆ ಹಗ್ಗ ಹಾರ್ನೆಸ್ ಇಲ್ಲದೆ ಬಂದು ನಿಲ್ಲುತ್ತಾರೆ. ಖಾಲಿ ಮನೆ ಒಂದೇ ಉಳಿದಿದೆ ಎಂಬ ಆಸೆ ಬೇರೆ ಬೆನ್ನ ಹಿಂದೆ ನೂಕುತ್ತಿರುತ್ತದೆ. ಟಿ5ಕ್ಕೆ ಹೊರಡುವವರು ಅಂಕಿಗಿಂತ ಮೊದಲು ಪುಟದ ಗುರುತುಚಿಹ್ನೆಗಳನ್ನು ನೋಡಬೇಕು. ಮರ ಹತ್ತುವುದೋ, ದೋಣಿಯೋ, ಹಗ್ಗದ ಮೇಲೇರುವುದೋ ಎಂದು ಅವು ಹೇಳುತ್ತವೆ. ಆ ವಿದ್ಯೆ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಬಲ್ಲವರ ಹತ್ತಿರ ಕಲಿಯಬೇಕು. ಡಬ್ಬಿ ತೆಗೆಯುತ್ತಲೇ ಕಲಿಯುವ ವಿದ್ಯೆ ಅಲ್ಲ ಅದು.

ತಪ್ಪು ಅಂಕಿಯನ್ನು ತಿದ್ದುವುದಕ್ಕೂ ಈ ಚೌಕ ತುಂಬಿಸುವ ಆಸೆಯೇ ಅಡ್ಡಗಾಲು. ಡಬ್ಬಿ ಪ್ರಕಟವಾದ ಮೇಲೂ ಇಟ್ಟವರು ಡಿ/ಟಿ ಬದಲಾಯಿಸಬಹುದು. ಬದಲಾಯಿಸಿದರೆ ಆವರೆಗೆ ಅದನ್ನು ತೆಗೆದವರೆಲ್ಲರ ಚೌಕದಲ್ಲೂ ಅದು ಒಂದು ಮನೆಯಿಂದ ಇನ್ನೊಂದಕ್ಕೆ ಜರುಗುತ್ತದೆ. ಯಾರದೋ 81ನೇ ಮನೆ ಮತ್ತೆ ಖಾಲಿ. ‘ದಯವಿಟ್ಟು ಹಾಗೇ ಬಿಡಿ’ ಎಂಬ ಕೋರಿಕೆಗಳು ಬರುತ್ತವೆ, ಇಟ್ಟವರು ಸುಮ್ಮನಾಗುತ್ತಾರೆ. ಮಳೆಗೆ ಹಾದಿ ಕೊಚ್ಚಿಹೋಗಿ ಟಿ2 ಇದ್ದದ್ದು ಟಿ3.5 ಆಗಿದ್ದರೂ ಪುಟದಲ್ಲಿ 2 ಎಂದೇ ಇರುತ್ತದೆ. ನನ್ನ ಮಟ್ಟಿಗೆ ಇಲ್ಲಿ ಯಾವ ದಾಕ್ಷಿಣ್ಯವೂ ಬೇಡ. ಹಾದಿ ಬದಲಾದರೆ ಅಂಕಿ ಬದಲಾಗಬೇಕು. ಹೋಗಿ ಬಂದವರ ಚೌಕಕ್ಕಿಂತ ನಾಳೆ ಹೋಗುವವರ ಕಾಲು ಮುಖ್ಯ.

ಮಾಡಬೇಕಾದ ಹೋಲಿಕೆ ಎಂದು ಮೊದಲೇ ಹೇಳಿದ್ದು ಇಲ್ಲಿಗೆ ಬರುತ್ತದೆ. ಒಂದೇ ಡಬ್ಬಿಯನ್ನು ತೆಗೆದ ನಾಲ್ಕಾರು ಜನ ತಮ್ಮ ತಮ್ಮ ನಿಮಿಷಗಳನ್ನೂ ತಮ್ಮ ಅಂದಾಜಿನ ಡಿ/ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಂಕಿ ಎಲ್ಲಿ ತಪ್ಪಿದೆ ಎಂಬುದು ಕಾಣುತ್ತದೆ. ಒಬ್ಬರಿಗೆ ಹೆಚ್ಚು ಹೊತ್ತು ಹಿಡಿದರೆ ಅದು ಅವರ ದಿನದ ಮಾತು. ಐವರಿಗೂ ಡಿ2ಕ್ಕೆ ಒಂದು ಗಂಟೆ ಹಿಡಿದರೆ ಅದು ಡಬ್ಬಿಯ ಮಾತು. ಆಗ ಲಾಗ್‌ನಲ್ಲಿ ‘ತುಂಬ ಕಷ್ಟ’ ಎಂದು ಬರೆದರೆ ಇಟ್ಟವರಿಗೆ ಪ್ರಯೋಜನವಿಲ್ಲ. ‘ಒಬ್ಬರೇ, ಹಗಲಲ್ಲಿ, 55 ನಿಮಿಷ, 30ನೇ ನಿಮಿಷಕ್ಕೆ ಸುಳಿವು ಓದಿದೆ, ಸಿಕ್ಕ ಜಾಗ ಬಾಣ ತೋರಿಸಿದ್ದಕ್ಕಿಂತ 12 ಮೀಟರ್ ಪೂರ್ವಕ್ಕೆ’ ಎಂದು ಬರೆಯಿರಿ. ಅಕ್ಷಾಂಶ ತಿದ್ದಬೇಕೋ, ಡಿ ಏರಿಸಬೇಕೋ, ಸುಳಿವು ಸ್ಪಷ್ಟ ಮಾಡಬೇಕೋ ಎಂದು ಅವರಿಗೆ ತಿಳಿಯುತ್ತದೆ. ಡಬ್ಬಿ ಎಲ್ಲಿದೆ ಎಂದು ಬಯಲಾಗುವಂತಿದ್ದರೆ ಲಾಗ್‌ನಲ್ಲಿ ಹಾಕದೆ ಅವರಿಗೇ ಖಾಸಗಿಯಾಗಿ ಸಂದೇಶ ಕಳಿಸಿ.

ಖಾಲಿ ಮನೆಗಳನ್ನು ನೋಡುವುದರಲ್ಲೂ ಒಂದು ಒಳ್ಳೆಯದಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಡಿಫಿಕಲ್ಟಿ 3.5ರ ಮೇಲಿನ ಸಾಲುಗಳೆಲ್ಲ ಖಾಲಿ ಇದ್ದರೆ ನೀವು ಕಠಿಣ ಒಗಟುಗಳನ್ನು ಮುಟ್ಟಿಯೇ ಇಲ್ಲ ಎಂದರ್ಥ. ಟೆರೇನ್ 3.5ರಿಂದಾಚೆ ಖಾಲಿ ಇದ್ದರೆ ಕಡಿದಾದ ಹಾದಿ ಹಿಡಿದೇ ಇಲ್ಲ. ಇನ್ನೂ ನೋಡದ ಬಗೆ ಯಾವುದು ಎಂದು ತಿಳಿಯಲು ಚೌಕ ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ. ಅಂಕಿಅಂಶದ ಪುಟ ಬೇರೆಯವರಿಗೆ ಕಾಣಬೇಕೋ ಬೇಡವೋ ಎಂಬುದನ್ನು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬಹುದು. ಮುಚ್ಚಿಟ್ಟರೂ ನಿಮಗೆ ಕಾಣುತ್ತದೆ.

ಶೀಟ್ ಶುರುಮಾಡುವವರು ಹಳೆಯದನ್ನೆಲ್ಲ ಕೈಯಿಂದ ತುಂಬಬೇಕಾಗಿಲ್ಲ. ಪ್ರೀಮಿಯಂ ಸದಸ್ಯರು ತಾಣದಲ್ಲಿ ಡಬ್ಬಿಗಳ ಪಟ್ಟಿ ಇಳಿಸಿಕೊಳ್ಳುವ ಪಾಕೆಟ್ ಕ್ವೆರಿ ಪುಟದಲ್ಲಿ ‘ಮೈ ಫೈಂಡ್ಸ್’ ಒತ್ತಿದರೆ ಸಿಕ್ಕ ಡಬ್ಬಿಗಳೆಲ್ಲ ಒಂದೇ ಜಿಪಿಎಕ್ಸ್ ಫೈಲಿನಲ್ಲಿ ಬರುತ್ತವೆ. ಮೂರು ದಿನಕ್ಕೊಮ್ಮೆ ಮಾತ್ರ ಅದು ಸಿಗುವುದು. ಕೋಡ್, ಬಗೆ, ಗಾತ್ರ, ಡಿ/ಟಿ, ಇಟ್ಟವರ ಹೆಸರು, ದಿನಾಂಕ ಎಲ್ಲ ಅದರಲ್ಲಿರುತ್ತವೆ. ಒಂದು ಎಚ್ಚರಿಕೆ, ಅದರಲ್ಲಿರುವುದು ಇವತ್ತಿನ ಡಿ/ಟಿ. ನೀವು ತೆಗೆದ ದಿನ ಬೇರೆ ಇದ್ದಿರಬಹುದು. ಹಾಗಾಗಿ ಇನ್ನು ಮುಂದಿನ ಸಾಲುಗಳಲ್ಲಿ ಹೋದ ದಿನದ ಅಂಕಿಯನ್ನೇ ಬರೆದಿಟ್ಟುಕೊಳ್ಳಿ. ಡಿಎನ್‌ಎಫ್‌ಗಳು ಆ ಫೈಲಿನಲ್ಲಿ ಬರುವುದಿಲ್ಲ. ಅವನ್ನು ನಿಮ್ಮ ಲಾಗ್‌ಗಳ ಪಟ್ಟಿಯಲ್ಲಿ ‘ಸಿಗಲಿಲ್ಲ’ ಎಂಬುದನ್ನು ಮಾತ್ರ ಆರಿಸಿ, ಒಂದೊಂದಾಗಿ ಕೈಯಿಂದಲೇ ಇಳಿಸಿಕೊಳ್ಳಬೇಕು. ಎಷ್ಟು ನಿಮಿಷ ಹುಡುಕಿದ್ದು ಎಂದು ನೆನಪಿಲ್ಲದ ಸಾಲುಗಳಲ್ಲಿ ಆ ಜಾಗವನ್ನು ಖಾಲಿ ಬಿಡಿ, ಅಂದಾಜು ತುಂಬಬೇಡಿ.